ಅಂಗಾಂಗ ಕಸಿಯ ನಂತರದ ರಕ್ತಕಣಗಳ ಕೊರತೆ

ಅಂಗಾಂಗ ಕಸಿಯ ನಂತರದ ರಕ್ತಕಣಗಳ ಕೊರತೆ ಎಂದರೆ ಮೂತ್ರಪಿಂಡ, ಯಕೃತ್ತು, ಹೃದಯ ಮುಂತಾದ ಅಂಗಗಳ ಕಸಿಗೆ ಒಳಗಾದವರ ರಕ್ತದಲ್ಲಿ ಕೆಂಪು ರಕ್ತಕಣ, ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್‌ಗಳ ಪ್ರಮಾಣವು ಸಾಮಾನ್ಯ ಮಟ್ಟಕ್ಕಿಂತ ಕಡಿಮೆಯಾಗುವ ಸ್ಥಿತಿ. ಇವುಗಳಲ್ಲಿ ಒಂದು ಮಾತ್ರ ಕುಸಿಯಬಹುದು, ಕೆಲವೊಮ್ಮೆ ಮೂರೂ ಒಟ್ಟಿಗೆ ಕುಸಿಯಬಹುದು. ಕಸಿಯ ನಂತರದ ಮೊದಲ ವರ್ಷದಲ್ಲಿ ಈ ಸ್ಥಿತಿ ಹೆಚ್ಚಾಗಿ ಕಂಡುಬರುತ್ತದೆ. ಹೊಸ ಅಂಗವನ್ನು ಕಾಪಾಡಲು ನೀಡುವ ಔಷಧಿಗಳೇ ಅನೇಕ ವೇಳೆ ಇದಕ್ಕೆ ಕಾರಣವಾಗಿರುತ್ತವೆ. ಆದ್ದರಿಂದ ಇದರ ಚಿಕಿತ್ಸೆಯು ಎರಡು ಅಪಾಯಗಳ ನಡುವೆ ಸಮತೋಲನ ಸಾಧಿಸುವ ಕೆಲಸವಾಗಿದೆ: ಔಷಧಿಯ ಪ್ರಭಾವ ಹೆಚ್ಚಾದರೆ ಸೋಂಕು ತಗಲುತ್ತದೆ, ಕಡಿಮೆಯಾದರೆ ದೇಹವು ಕಸಿ ಮಾಡಿದ ಅಂಗವನ್ನು ತಿರಸ್ಕರಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನಡೆಯಿತು. ಅಂಗಾಂಗ ಕಸಿಯನ್ನು ನಿಯಂತ್ರಿಸುವ ಕೇಂದ್ರ ಕಾಯಿದೆಯು 1994ರಲ್ಲಿ ರೂಪುಗೊಂಡಿತು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ರಾಜ್ಯ ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆಯು ಸಮನ್ವಯಗೊಳಿಸುತ್ತದೆ.

ಸಾಮಾನ್ಯ ಪ್ರಮಾಣ

ವಯಸ್ಕರಲ್ಲಿ ಹಿಮೋಗ್ಲೋಬಿನ್ ಪ್ರಮಾಣವು ಪ್ರತಿ ಡೆಸಿಲೀಟರ್‌ಗೆ ಪುರುಷರಲ್ಲಿ 13 ಗ್ರಾಂ, ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಬಿಳಿ ರಕ್ತಕಣಗಳು ಪ್ರತಿ ಮೈಕ್ರೋಲೀಟರ್‌ಗೆ ಸುಮಾರು 4,000ದಿಂದ 11,000, ಪ್ಲೇಟ್‌ಲೆಟ್‌ಗಳು ಸುಮಾರು 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ.

ಬಿಳಿ ರಕ್ತಕಣಗಳ ಪೈಕಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್‌ಗಳ ಸಂಖ್ಯೆ ಮುಖ್ಯವಾದುದು. ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ನ್ಯೂಟ್ರೋಫಿಲ್‌ಗಳ ಶೇಕಡಾವಾರು ಪ್ರಮಾಣದಿಂದ ಗುಣಿಸಿ ಇದನ್ನು ಪಡೆಯಲಾಗುತ್ತದೆ. ಉದಾಹರಣೆಗೆ, ಒಟ್ಟು 2,500 ಬಿಳಿ ರಕ್ತಕಣಗಳಲ್ಲಿ ಶೇ. 30ರಷ್ಟು ನ್ಯೂಟ್ರೋಫಿಲ್‌ಗಳಿದ್ದರೆ ಅವುಗಳ ಸಂಖ್ಯೆ 750. ಇದು 1,500ಕ್ಕಿಂತ ಕಡಿಮೆಯಾದರೆ ಕೊರತೆ ಎಂದೂ 500ಕ್ಕಿಂತ ಕಡಿಮೆಯಾದರೆ ತೀವ್ರ ಕೊರತೆ ಎಂದೂ ಪರಿಗಣಿಸಲಾಗುತ್ತದೆ.

ಕಾರಣಗಳು

ಔಷಧಿಗಳು: ಪ್ರತಿರಕ್ಷೆಯನ್ನು ತಗ್ಗಿಸುವ ಮೈಕೋಫಿನೋಲೇಟ್ ಮತ್ತು ಅಜಥಯೋಪ್ರಿನ್ ಔಷಧಿಗಳು ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪಾದನೆಯನ್ನು ಕುಗ್ಗಿಸಬಲ್ಲವು. ಸೈಟೋಮೆಗಾಲೊ ವೈರಸ್ ಸೋಂಕನ್ನು ತಡೆಯಲು ನೀಡುವ ವ್ಯಾಲ್‌ಗ್ಯಾನ್ಸಿಕ್ಲೋವಿರ್ ಹಾಗೂ ಶ್ವಾಸಕೋಶದ ಒಂದು ಬಗೆಯ ಸೋಂಕನ್ನು ತಡೆಯಲು ನೀಡುವ ಕೋ-ಟ್ರೈಮೋಕ್ಸಜೋಲ್ ಕೂಡ ಇದೇ ಪರಿಣಾಮ ಬೀರಬಹುದು. ಮೊದಲ ತಿಂಗಳುಗಳಲ್ಲಿ ಇವುಗಳನ್ನು ಒಟ್ಟಿಗೆ ಸೇವಿಸಬೇಕಾಗುವುದರಿಂದ ಆ ಅವಧಿಯಲ್ಲಿ ಕುಸಿತದ ಸಂಭವ ಹೆಚ್ಚು. ಅಜಥಯೋಪ್ರಿನ್ ಸೇವಿಸುವವರಿಗೆ ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ನೀಡಿದರೆ ತೀವ್ರ ಕುಸಿತ ಉಂಟಾಗಬಹುದು.

ಸೋಂಕುಗಳು: ಸೈಟೋಮೆಗಾಲೊ ವೈರಸ್ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳನ್ನು ಕಡಿಮೆ ಮಾಡುತ್ತದೆ. ಪಾರ್ವೊ ವೈರಸ್ ಬಿ19 ತೀವ್ರ ರಕ್ತಹೀನತೆಯನ್ನು ಉಂಟುಮಾಡುತ್ತದೆ. ಕ್ಷಯ, ಮಲೇರಿಯಾ ಮತ್ತು ಡೆಂಗಿ ಜ್ವರಗಳನ್ನೂ ಭಾರತದಲ್ಲಿ ಗಮನದಲ್ಲಿರಿಸಿಕೊಳ್ಳಬೇಕಾಗುತ್ತದೆ.

ಇತರ ಕಾರಣಗಳು: ಶಸ್ತ್ರಚಿಕಿತ್ಸೆಯ ರಕ್ತಸ್ರಾವ, ಕಬ್ಬಿಣಾಂಶದ ಕೊರತೆ, ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ. ಕೆಂಪು ರಕ್ತಕಣಗಳ ಉತ್ಪಾದನೆಗೆ ಬೇಕಾದ ಎರಿತ್ರೋಪೊಯಟಿನ್ ಹಾರ್ಮೋನು ಮೂತ್ರಪಿಂಡದಲ್ಲಿ ತಯಾರಾಗುವುದರಿಂದ, ಕಸಿ ಮಾಡಿದ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೂ ರಕ್ತಹೀನತೆ ಉಳಿಯುತ್ತದೆ.

ಲಕ್ಷಣಗಳು

ರಕ್ತಹೀನತೆಯಿಂದ ಆಯಾಸ, ಏದುಸಿರು, ತಲೆಸುತ್ತು ಮತ್ತು ಎದೆಬಡಿತದ ಹೆಚ್ಚಳ ಕಾಣಿಸುತ್ತವೆ. ಪ್ಲೇಟ್‌ಲೆಟ್ ಕೊರತೆಯಿದ್ದರೆ ಒಸಡು ಅಥವಾ ಮೂಗಿನಿಂದ ರಕ್ತ ಬರುವುದು, ಚರ್ಮದ ಮೇಲೆ ಕೆಂಪು ಚುಕ್ಕೆ ಹಾಗೂ ನೀಲಿಗಟ್ಟಿದ ಕಲೆಗಳು, ಕಪ್ಪು ಮಲ ಮುಂತಾದ ಲಕ್ಷಣಗಳು ಕಾಣಬಹುದು. ಬಿಳಿ ರಕ್ತಕಣಗಳ ಕೊರತೆಗೆ ಪ್ರತ್ಯೇಕ ಲಕ್ಷಣವಿಲ್ಲ. ಸೋಂಕು ತಗಲಿದಾಗಲೂ ಕೀವು, ಊತದಂತಹ ಚಿಹ್ನೆಗಳು ಮಂದವಾಗಿರುತ್ತವೆ. ಆದ್ದರಿಂದ 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚಿನ ಜ್ವರವನ್ನು ತುರ್ತುಸ್ಥಿತಿ ಎಂದೇ ಪರಿಗಣಿಸಲಾಗುತ್ತದೆ.

ಚಿಕಿತ್ಸೆ

ಮೊದಲು ಕಾರಣವನ್ನು ಗುರುತಿಸಲಾಗುತ್ತದೆ. ರಕ್ತಕಣಗಳ ಗಣನೆಯ ಜೊತೆಗೆ ವೈರಸ್ ಪರೀಕ್ಷೆ, ಕಬ್ಬಿಣಾಂಶದ ಪರೀಕ್ಷೆ ಮತ್ತು ಅಗತ್ಯವಿದ್ದರೆ ಅಸ್ಥಿಮಜ್ಜೆಯ ಪರೀಕ್ಷೆ ನಡೆಸುತ್ತಾರೆ. ಬಳಿಕ ವೈದ್ಯರು ಸಂಬಂಧಿತ ಔಷಧಿಯ ಪ್ರಮಾಣವನ್ನು ತಗ್ಗಿಸಬಹುದು, ಬದಲಾಯಿಸಬಹುದು ಅಥವಾ ತಾತ್ಕಾಲಿಕವಾಗಿ ನಿಲ್ಲಿಸಬಹುದು. ನ್ಯೂಟ್ರೋಫಿಲ್‌ಗಳನ್ನು ಹೆಚ್ಚಿಸಲು ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು, ರಕ್ತಹೀನತೆಗೆ ಕಬ್ಬಿಣಾಂಶ ಅಥವಾ ಎರಿತ್ರೋಪೊಯಟಿನ್ ನೀಡಲಾಗುತ್ತದೆ. ರಕ್ತ ನೀಡುವುದನ್ನು ಸಾಧ್ಯವಾದಷ್ಟು ಮಿತಗೊಳಿಸುತ್ತಾರೆ. ದಾನಿ ರಕ್ತದ ವಿರುದ್ಧ ದೇಹದಲ್ಲಿ ಬೆಳೆಯುವ ಪ್ರತಿಕಾಯಗಳು ಕಸಿ ಮಾಡಿದ ಅಂಗಕ್ಕೂ ಮುಂದಿನ ಕಸಿಗೂ ತೊಡಕಾಗಬಹುದು.

ಈ ಬದಲಾವಣೆಗಳನ್ನು ಕಸಿ ತಂಡ ಮಾತ್ರ ನಿರ್ಧರಿಸಬೇಕು. ರಕ್ತಪರೀಕ್ಷೆಯ ವರದಿಯನ್ನು ಕಂಡು ಗಾಬರಿಗೊಂಡು ರೋಗಿಯೇ ಮಾತ್ರೆ ನಿಲ್ಲಿಸಿದರೆ ಯಾವ ಮುನ್ಸೂಚನೆಯೂ ಇಲ್ಲದೆ ತಿರಸ್ಕಾರ ಆರಂಭವಾಗಿ, ಅಂಗವನ್ನೇ ಕಳೆದುಕೊಳ್ಳುವ ಸಂಭವವಿದೆ.

ದೈನಂದಿನ ಎಚ್ಚರಿಕೆಗಳು

ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು ಮತ್ತು ಆಗಷ್ಟೇ ಬೇಯಿಸಿದ ಆಹಾರ ಸುರಕ್ಷಿತ. ಬಿಳಿ ರಕ್ತಕಣಗಳು ಕಡಿಮೆಯಿರುವಾಗ ಹಸಿ ಕೋಸಂಬರಿ, ಬೀದಿಬದಿಯ ಕತ್ತರಿಸಿದ ಹಣ್ಣು, ಅರೆಬೆಂದ ಮೊಟ್ಟೆ ಮತ್ತು ಮಾಂಸವನ್ನು ವರ್ಜಿಸಲಾಗುತ್ತದೆ. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಹಣ್ಣುಗಳು ಟ್ಯಾಕ್ರೋಲಿಮಸ್ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲವು. ಪ್ಲೇಟ್‌ಲೆಟ್ ಹೆಚ್ಚಿಸಲೆಂದು ಪರಂಗಿ ಎಲೆಯ ರಸವನ್ನಾಗಲಿ, ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯವನ್ನಾಗಲಿ ವೈದ್ಯರ ಗಮನಕ್ಕೆ ತಾರದೆ ಸೇವಿಸುವುದು ಸೂಕ್ತವಲ್ಲ. ಪ್ರತಿರಕ್ಷೆಯನ್ನು ಪ್ರಚೋದಿಸುವ ಮೂಲಿಕೆಗಳು ಕಸಿಯ ಚಿಕಿತ್ಸೆಗೆ ವಿರುದ್ಧವಾಗಿ ಕೆಲಸ ಮಾಡಬಹುದು. ನೋವಿಗೆ ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ಸ್ವಂತವಾಗಿ ತೆಗೆದುಕೊಳ್ಳಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದಲ್ಲದೆ ಮೂತ್ರಪಿಂಡಕ್ಕೂ ಹಾನಿಕರ.

ಗ್ರಾಮೀಣ ಪ್ರದೇಶಗಳಲ್ಲಿ

ಚಿತ್ರದುರ್ಗ ತಾಲೂಕಿನ ಹಿರೇಗುಂಟನೂರಿನಂತಹ ಕೃಷಿ ಪ್ರಧಾನ ಊರುಗಳಲ್ಲಿ ಚೇತರಿಸಿಕೊಳ್ಳುವವರಿಗೆ ಇನ್ನೂ ಕೆಲವು ಎಚ್ಚರಿಕೆಗಳು ಅಗತ್ಯ. ತಿಪ್ಪೆಗೊಬ್ಬರ, ಒಣಹುಲ್ಲು ಮತ್ತು ಧಾನ್ಯದ ಧೂಳಿನಲ್ಲಿ ಶಿಲೀಂಧ್ರಗಳ ಬೀಜಕಣಗಳಿರುತ್ತವೆ. ಹಾಗಾಗಿ ಒಕ್ಕಣೆ, ಕೊಟ್ಟಿಗೆ ಶುಚಿಗೊಳಿಸುವುದು ಮುಂತಾದ ಕೆಲಸಗಳಿಂದ ದೂರವಿರಬೇಕು. ಹೊಲಕ್ಕೆ ಬರಿಗಾಲಿನಲ್ಲಿ ಹೋಗಬಾರದು. ನೀರು ಸಂಗ್ರಹಿಸುವ ತೊಟ್ಟಿ, ಡ್ರಮ್ಮುಗಳನ್ನು ಮುಚ್ಚಿಡುವುದರಿಂದ ಡೆಂಗಿ ಹರಡುವ ಸೊಳ್ಳೆಗಳನ್ನು ತಡೆಯಬಹುದು.

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ದೂರವಿದೆ. ಅಲ್ಲಿ ಕಸಿ ಮಾಡಿಸಿಕೊಂಡವರಿಗೆ ಜ್ವರ ಅಥವಾ ರಕ್ತಸ್ರಾವ ಕಾಣಿಸಿದರೆ ದೂರದ ಪ್ರಯಾಣಕ್ಕಾಗಿ ಕಾಯದೆ, ಮೊದಲು ಹತ್ತಿರದ ಆಸ್ಪತ್ರೆಗೆ ದಾಖಲಾಗಿ, ಅಲ್ಲಿನ ವೈದ್ಯರು ದೂರವಾಣಿಯ ಮೂಲಕ ಕಸಿ ತಂಡವನ್ನು ಸಂಪರ್ಕಿಸುವುದು ಉತ್ತಮ. ಔಷಧಿಗಳ ಪಟ್ಟಿ, ಇತ್ತೀಚಿನ ರಕ್ತಪರೀಕ್ಷೆಯ ವರದಿಗಳು ಮತ್ತು ಕಸಿ ಕೇಂದ್ರದ ದೂರವಾಣಿ ಸಂಖ್ಯೆ ಒಂದೇ ಕಡತದಲ್ಲಿದ್ದರೆ ಸಮಯ ಉಳಿಯುತ್ತದೆ.

ಮುನ್ನೋಟ

ಔಷಧಿಯಿಂದ ಉಂಟಾದ ಕೊರತೆಯು ಪ್ರಮಾಣವನ್ನು ಸರಿಹೊಂದಿಸಿದ ಬಳಿಕ ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ಸುಧಾರಿಸುತ್ತದೆ. ನಿಯಮಿತ ರಕ್ತಪರೀಕ್ಷೆಯಿಂದ ಕುಸಿತವನ್ನು ಲಕ್ಷಣಗಳಿಗಿಂತ ಮೊದಲೇ ಗುರುತಿಸಬಹುದಾದ್ದರಿಂದ, ಆರೋಗ್ಯವಾಗಿರುವಂತೆ ತೋರಿದಾಗಲೂ ಪರೀಕ್ಷೆಯನ್ನು ತಪ್ಪಿಸದಿರುವುದು ಮುಖ್ಯ.