ಅಮ್ಮನ ಸಂಬಳ ಮತ್ತು ವರ್ನಿಯರ್ ಲೆಕ್ಕ

ನಮ್ಮ ಮಾಕಳಿ ಕಡೆ ಪೋಷಕರ ಸಭೆ ಕರೆಯುವುದಾದರೆ ಭಾನುವಾರವೇ ಕರೆಯಬೇಕು. ಬೇರೆ ದಿನ ಕರೆದರೆ ತಾಯಂದಿರು ಬರುವುದಿಲ್ಲ. ಆಸಕ್ತಿ ಇಲ್ಲವೆಂದಲ್ಲ. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಕೈತಪ್ಪುತ್ತದೆ.

ಅಂಥ ಒಂದು ಭಾನುವಾರ ಸಭೆ ಮುಗಿದು ಎಲ್ಲರೂ ಹೊರಟ ಮೇಲೂ ಒಬ್ಬ ತಾಯಿ ನಿಂತೇ ಇದ್ದರು. ಅವರ ಮಗಳು ಹತ್ತನೇ ತರಗತಿ. ಗಣಿತ, ವಿಜ್ಞಾನ ಎರಡರಲ್ಲೂ ಮುಂದು. ‘ಸಾರ್, ಎಸ್ಸೆಸ್ಸೆಲ್ಸಿ ಆದ್ಮೇಲೆ ಓದಲ್ಲ, ವಯಸ್ಸು ತುಂಬಿದ ತಕ್ಷಣ ನಿನ್ ಜೊತೆ ಗಾರ್ಮೆಂಟ್ಸ್‌ಗೆ ಬರ್ತೀನಿ ಅಂತಾಳೆ. ನೀವೇ ಒಂದ್ ಮಾತು ಹೇಳಿ’ ಎಂದರು. ಹುಡುಗಿಯನ್ನು ಕರೆದು ಕೇಳಿದೆ. ತಲೆ ತಗ್ಗಿಸಿ, ‘ಅಮ್ಮನ ಸಂಬಳ ಸಾಲಲ್ಲ ಸಾರ್’ ಎಂದಳು.

ವಿದ್ಯೆಯ ಮಹತ್ವದ ಬಗ್ಗೆ ಭಾಷಣ ಮಾಡುವುದು ನಮಗೆ ಮೇಷ್ಟ್ರುಗಳಿಗೆ ಸುಲಭ. ಆದರೆ ಹುಡುಗಿ ಹೇಳಿದ್ದು ಲೆಕ್ಕದ ಮಾತು. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು.

ಯಾವುದು ಹೆಚ್ಚು ಸಂಬಳ?

ಆ ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ವಿಭಾಗದಲ್ಲಿದ್ದರು. ತಿಂಗಳಿಗೆ 14,000 ರೂಪಾಯಿ. ಭವಿಷ್ಯ ನಿಧಿಗೆ ಶೇ. 12ರಂತೆ 1,680, ಇ.ಎಸ್.ಐ.ಗೆ ಶೇ. 0.75ರಂತೆ 105 ಕಳೆದು ಕೈಗೆ ಬರುತ್ತಿದ್ದುದು 12,215. ಅಷ್ಟರಲ್ಲಿ ಒಬ್ಬ ಕಂಟ್ರಾಕ್ಟರ್ ಬೇರೆ ಕೆಲಸ ಕೊಡಿಸುವುದಾಗಿ ಹೇಳಿದ್ದ. ‘ಕೈಗೆ ಪೂರ್ತಿ 18,000, ಯಾವ ಕಡಿತವೂ ಇಲ್ಲ’ ಎಂಬುದು ಅವನ ಮಾತು. ಬೆಳಗ್ಗೆ ಐದೂವರೆಗೆ ವ್ಯಾನು ಬರುತ್ತದೆ, ರಾತ್ರಿ ಎಂಟಕ್ಕೆ ಬಿಡುತ್ತದೆ.

ಕಪ್ಪುಹಲಗೆಯ ಮೇಲೆ ಬರೆದು ನೋಡಿದೆವು. ಈಗಿನ ಕೆಲಸದಲ್ಲಿ ಮಾಲೀಕರೂ ಭವಿಷ್ಯ ನಿಧಿ ಮತ್ತು ಪಿಂಚಣಿಗೆಂದು 1,680, ಇ.ಎಸ್.ಐ.ಗೆ ಶೇ. 3.25ರಂತೆ 455 ಕಟ್ಟುತ್ತಾರೆ. ಅಂದರೆ ಆ ಕೆಲಸದ ನಿಜವಾದ ಬೆಲೆ 16,135. ಕಂಟ್ರಾಕ್ಟರನ 18,000ಕ್ಕೂ ಇದಕ್ಕೂ ಇರುವ ವ್ಯತ್ಯಾಸ 1,865 ಮಾತ್ರ. ಅದಕ್ಕಾಗಿ ದಿನಕ್ಕೆ ಮೂರು ಗಂಟೆ ಹೆಚ್ಚಿಗೆ ಮನೆಯಿಂದ ಹೊರಗಿರಬೇಕು. 26 ದಿನಕ್ಕೆ 78 ಗಂಟೆ. ಗಂಟೆಗೆ 24 ರೂಪಾಯಿಯೂ ಬೀಳುವುದಿಲ್ಲ! ಮಗಳಿಗೆ ಜ್ವರ ಬಂದರೆ ಇ.ಎಸ್.ಐ. ಆಸ್ಪತ್ರೆಯೂ ಇಲ್ಲ.

‘ಹಂಗಾದ್ರೆ ಬೇಡ ಬಿಡಿ ಸಾರ್’ ಎಂದರು. ಆದರೆ ಬೇಡವೆಂದ ಮಾತ್ರಕ್ಕೆ ಮನೆಯ ಖರ್ಚು ಕಡಿಮೆಯಾಗುವುದಿಲ್ಲವಲ್ಲ.

ಇದೇ ರಸ್ತೆಯ ಹಳೆಯ ಕಥೆ

ತುಮಕೂರು ರಸ್ತೆಯ ಆಸುಪಾಸಿನಲ್ಲಿ ಹೆಣ್ಣುಮಕ್ಕಳ ದುಡಿಮೆಗೆ ದೊಡ್ಡ ಇತಿಹಾಸವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾದಾಗ, ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಚಿಕ್ಕ ಚಿಕ್ಕ ಚಕ್ರಗಳನ್ನು ಜೋಡಿಸುವ ಕೆಲಸಕ್ಕೆ ಅನೇಕ ಹೆಣ್ಣುಮಕ್ಕಳು ಸೇರಿದರು. ಕೈಗೆ ತರಬೇತಿ ಸಿಕ್ಕಿತು, ತರಬೇತಿಗೆ ತಕ್ಕ ಸಂಬಳ ಸಿಕ್ಕಿತು. ಆ ಸಂಬಳದಲ್ಲಿ ಓದಿ ಎಂಜಿನಿಯರ್ ಆದ ಮಕ್ಕಳು ನನ್ನ ಪರಿಚಯದಲ್ಲೇ ಇದ್ದಾರೆ.

2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಅದೇ ವರ್ಷ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ಹೊಸ ನಿಯಮದ ವಿರುದ್ಧ ಅವರ ಸಿಟ್ಟು. ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ದುಡ್ಡು ಅವರಿಗೆ ಮುಪ್ಪಿನ ಆಸರೆಯಷ್ಟೇ ಆಗಿರಲಿಲ್ಲ. ಮಕ್ಕಳ ಫೀಜು, ಮದುವೆ, ಮನೆಯ ಅಡ್ವಾನ್ಸು ಎಲ್ಲವೂ ಅದರಲ್ಲೇ ಆಗಬೇಕಿತ್ತು.

ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಅಳತೆಯ ಸೂಕ್ಷ್ಮ ಬಲ್ಲ ಕೈಗೆ ಬೆಲೆ ಹೆಚ್ಚು. ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ಇಂದಿಗೂ ಅಂಥ ಕೈ ಬೇಕು.

ಬೀರುವಿನಿಂದ ಹೊರಬಂದ ಉಪಕರಣ

‘ಚೆಕಿಂಗ್‌ನಲ್ಲಿ ಏನು ನೋಡ್ತೀರಮ್ಮ?’ ಎಂದು ಕೇಳಿದೆ. ‘ಅಳತೆ ಚಾರ್ಟ್ ಇರುತ್ತೆ ಸಾರ್. ಟೇಪ್ ಹಿಡಿದು ಕಾಲರು, ತೋಳು ಅಳೀತೀವಿ. ಇಷ್ಟು ಹೆಚ್ಚು, ಇಷ್ಟು ಕಮ್ಮಿ ಇದ್ರೆ ಪಾಸು, ಅದಕ್ಕೆ ಮೀರಿದ್ರೆ ವಾಪಸ್ಸು.’

ನನಗೆ ಆಶ್ಚರ್ಯವಾಯಿತು. ಎಂಜಿನಿಯರುಗಳು ಟಾಲರೆನ್ಸ್ ಎನ್ನುವುದು ಇದನ್ನೇ! ಬಟ್ಟೆಗೆ ಸೆಂಟಿಮೀಟರಿನ ಲೆಕ್ಕ, ಕಬ್ಬಿಣಕ್ಕೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ವ್ಯತ್ಯಾಸ ಅಷ್ಟೇ. ಪ್ರಯೋಗಾಲಯದ ಬೀರುವಿನಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದು ತಾಯಿ, ಮಗಳು ಇಬ್ಬರ ಮುಂದೆಯೂ ಇಟ್ಟೆ.

ಇದರ ಮರ್ಮ ಸರಳ. ಮುಖ್ಯ ಅಳತೆಪಟ್ಟಿಯ 9 ಮಿಲಿಮೀಟರನ್ನು ಜಾರುವ ಪಟ್ಟಿಯಲ್ಲಿ 10 ಸಮಭಾಗ ಮಾಡಿರುತ್ತಾರೆ. ಹೀಗಾಗಿ ಅದರ ಒಂದೊಂದು ಮನೆಯೂ ಮುಖ್ಯ ಪಟ್ಟಿಯ ಮನೆಗಿಂತ 0.1 ಮಿ.ಮೀ. ಚಿಕ್ಕದು. ಮುಖ್ಯ ಪಟ್ಟಿಯಲ್ಲಿ 24 ದಾಟಿ, ಜಾರುವ ಪಟ್ಟಿಯ 7ನೇ ಗೆರೆ ಮೇಲಿನ ಯಾವುದೋ ಗೆರೆಗೆ ಸರಿಯಾಗಿ ಕೂಡಿದರೆ ಅಳತೆ 24.7 ಮಿ.ಮೀ. ಕಾರ್ಖಾನೆಯ ವರ್ನಿಯರ್ ಸಾಮಾನ್ಯವಾಗಿ 0.02 ಮಿ.ಮೀ.ವರೆಗೆ, ಮೈಕ್ರೊಮೀಟರು 0.01 ಮಿ.ಮೀ.ವರೆಗೆ ಅಳೆಯುತ್ತದೆ.

ನಾಲ್ಕು ಭಾನುವಾರ ಬಂದರು. ನಾಣ್ಯ, ಬೋಲ್ಟು, ಪೆನ್ನು, ಬಳೆ ಎಲ್ಲವನ್ನೂ ಅಳೆದದ್ದಾಯಿತು. ಆ ಎರಡು ಗಂಟೆ ಸಿಕ್ಕಿದ್ದು ಅವರ ಪತಿ ಭಾನುವಾರದ ಅಡುಗೆಯನ್ನು ವಹಿಸಿಕೊಂಡದ್ದರಿಂದ ಎಂಬುದನ್ನು ಇಲ್ಲಿ ಹೇಳಲೇಬೇಕು. ಲಾರಿ ಓಡಿಸುವ ಆ ಮನುಷ್ಯ ಅನ್ನ, ಸಾರು ಚೆನ್ನಾಗಿಯೇ ಮಾಡುತ್ತಾರಂತೆ!

ಪೀಣ್ಯದಲ್ಲಿ ಎರಡು ಕಡೆ ‘ಡಿಪ್ಲೊಮಾ ಇದೆಯಾ?’ ಎಂದು ಕೇಳಿ ಕಳಿಸಿದರು. ಮೂರನೆಯ ಕಡೆ, ಒಂದು ಸಣ್ಣ ಕಾರ್ಖಾನೆಯಲ್ಲಿ, ಪ್ರಶ್ನೆ ಕೇಳದೆ ಒಂದು ಲೋಹದ ತುಂಡನ್ನೂ ಮೈಕ್ರೊಮೀಟರನ್ನೂ ಕೈಗೆ ಕೊಟ್ಟರು. ಅಳೆದು ಹೇಳಿದರು. ಆರಂಭಕ್ಕೆ ಸಿಕ್ಕಿದ್ದು 15,500. ಒಂದು ವರ್ಷದ ನಂತರ 18,500. ಭವಿಷ್ಯ ನಿಧಿ, ಇ.ಎಸ್.ಐ. ಎರಡೂ ಉಂಟು. ಮಹಾ ಸಂಪತ್ತೇನೂ ಅಲ್ಲ. ಮಗಳ ಪಿ.ಯು.ಸಿ. ಫೀಜಿಗೆ ಸಾಕಾಯಿತು.

ಕೆಲಸ ಬದಲಿಸುವ ಮುನ್ನ

ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಆದರೆ ಕೆಲವು ವಿಷಯಗಳನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರುವುದು ಒಳ್ಳೆಯದು.

ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ನಿಮ್ಮ ಹಕ್ಕು. ಕೆಲಸ ಬಿಟ್ಟಾಗ ಭವಿಷ್ಯ ನಿಧಿಯನ್ನು ಪೂರ್ತಿ ತೆಗೆಯುವ ಬದಲು ಅದೇ ಯು.ಎ.ಎನ್. ಸಂಖ್ಯೆಯಲ್ಲಿ ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ. ತಿಂಗಳ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಪ್ರತಿ ಸಲ ಎಲ್ಲವನ್ನೂ ತೆಗೆದರೆ ಎಣಿಕೆ ಮತ್ತೆ ಸೊನ್ನೆಯಿಂದ. ಸಂಬಳ 21,000 ದಾಟಿದರೆ ಇ.ಎಸ್.ಐ. ನಿಂತುಹೋಗುತ್ತದೆ. ಆಗ ಕಂಪನಿಯವರು ಆರೋಗ್ಯ ವಿಮೆ ಮಾಡಿಸುತ್ತಾರೆಯೇ ಎಂದು ಮೊದಲೇ ಕೇಳಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿಯಿಂದಲೇ ಕಾನೂನಿದೆ.

ಓಡಾಟದ ಖರ್ಚೂ ಲೆಕ್ಕಕ್ಕೆ ಬರಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಾಕಳಿಯಿಂದ ಪೀಣ್ಯಕ್ಕೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. 2024ರ ನವೆಂಬರಿನಿಂದ ಮಾದಾವರದವರೆಗೆ ಮೆಟ್ರೋ ಬಂದಿದೆ. ದೂರದ ಕೆಲಸವೂ ಈಗ ಮೊದಲಿನಷ್ಟು ದೂರವಲ್ಲ.

ಎಸ್ಸೆಸ್ಸೆಲ್ಸಿ ಅರ್ಧಕ್ಕೆ ನಿಂತಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ನಡೆದವು. ಸರ್ಕಾರಿ ಐ.ಟಿ.ಐ.ಗಳಲ್ಲೂ ರಾಜಾಜಿನಗರದ ಜಿ.ಟಿ.ಟಿ.ಸಿ.ಯಲ್ಲೂ ಯಾವ ತರಬೇತಿಗಳಿವೆ ಎಂದು ವಿಚಾರಿಸಿ. ವಿದ್ಯಾರ್ಥಿಗಳೇ, ಈ ವಿಚಾರಣೆಯ ಕೆಲಸ ನಿಮ್ಮದು. ಮೊಬೈಲ್ ನಿಮ್ಮ ಕೈಯಲ್ಲೇ ಇರುತ್ತದಲ್ಲ!

ಮೊನ್ನೆ ಆ ಹುಡುಗಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಪ್ರಥಮ ಪಿ.ಯು.ಸಿ., ವಿಜ್ಞಾನ. ‘ಫಿಸಿಕ್ಸ್ ಲ್ಯಾಬ್‌ನಲ್ಲಿ ಮೊದಲನೇ ಪ್ರಯೋಗವೇ ವರ್ನಿಯರ್ ಸಾರ್’ ಎಂದಳು. ‘ಸರಿಯಾಗಿ ಬಂತಾ?’ ಎಂದೆ.

‘ಒಂದ್ ರೀಡಿಂಗ್ ತಪ್ಪಾಗಿತ್ತು. ಮನೇಲಿ ರೆಕಾರ್ಡ್ ನೋಡಿ ಅಮ್ಮಾನೇ ಹಿಡಿದ್ಲು ಸಾರ್.’