ಹಚ್ಚಿದ್ದೇ ಗೊತ್ತಾಗದ ಸನ್‌ಸ್ಕ್ರೀನ್

“ಸನ್‌ಸ್ಕ್ರೀನ್ ಹಚ್ಚಿದರೆ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತದೆ, ಮಧ್ಯಾಹ್ನಕ್ಕೆಲ್ಲ ಜಿಡ್ಡು. ಕೊರಿಯಾದ್ದು ಹಾಗಾಗೋದಿಲ್ಲವಂತೆ, ನಿಜವಾ?” ಎಂದು ಓದುಗರೊಬ್ಬರು ಕೇಳಿದ್ದಾರೆ. ಬಹುಮಟ್ಟಿಗೆ ನಿಜ. ಆ ಬಿಳುಪು ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಪುಡಿಗಳದ್ದು. ಕೊರಿಯಾದ ಎಷ್ಟೋ ತೆಳು ಕ್ರೀಮುಗಳಲ್ಲಿ ಕಿರಣ ತಡೆಯುವ ಕೆಲಸ ಬಣ್ಣ ಬಿಡದ ಬೇರೆ ಅಣುಗಳದ್ದು. ಆದರೆ ಡಬ್ಬಿಯ ಮೇಲೆ ‘ಟೋನ್ ಅಪ್’ ಎಂದಿದ್ದರೆ ದೂರವಿಡಿ. ಬೆಳ್ಳಗೆ ಕಾಣಿಸಲೆಂದೇ ಅದಕ್ಕೆ ಬಿಳಿ ಪುಡಿ ಸೇರಿಸಿರುತ್ತಾರೆ.

ಆ ಅಣುಗಳಲ್ಲಿ ಬೆಮೊಟ್ರಿಜಿನಾಲ್ ಎಂಬುದರ ಕೆಲಸ ನೋಡಿದರೆ ಬೆರಗಾಗುತ್ತದೆ. ನೇರಳಾತೀತ ಕಿರಣ ತಾಕಿದ್ದೇ ತಡ, ಅದರೊಳಗಿನ ಒಂದು ಹೈಡ್ರೋಜನ್ ಆಮ್ಲಜನಕವನ್ನು ಬಿಟ್ಟು ಪಕ್ಕದ ಸಾರಜನಕಕ್ಕೆ ಜಿಗಿಯುತ್ತದೆ. ಕಿರಣದ ಶಕ್ತಿ ಕಾವಾಗಿ ಹರಡಿ ಹೋಗುತ್ತದೆ, ಹೈಡ್ರೋಜನ್ ಮರಳಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲೂ ಕಳೆದಿರುವುದಿಲ್ಲ, ಅಷ್ಟರಲ್ಲಿ ಎಲ್ಲ ಮುಗಿದು ಅಣು ಮುಂದಿನ ಕಿರಣಕ್ಕೆ ಸಿದ್ಧ!

ಝಿಂಕ್ ಮಾತ್ರ ಕಿರಣವನ್ನು ಕನ್ನಡಿಯಂತೆ ಹಿಂದಕ್ಕೆ ಅಟ್ಟುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. 2016ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಅದು ಹಿಂದಿರುಗಿಸುವುದು ಶೇ. 5ರ ಆಸುಪಾಸು. ಅದೂ ಮುಖ್ಯವಾಗಿ ಹೀರಿಕೊಂಡೇ ಕಾಯುತ್ತದೆ.

ಹಿತವಾದ ಕ್ರೀಮು ಬೇಕೆನ್ನುವುದು ಶೋಕಿಯಲ್ಲ. ಎಸ್‌ಪಿಎಫ್ ಅಳೆಯುವಾಗ ಪ್ರಯೋಗಾಲಯದಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಜನ ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧ, ಕೆಲವೊಮ್ಮೆ ಕಾಲು ಭಾಗ. ಡಬ್ಬಿಯ ಮೇಲಿನ 50 ಅಲ್ಲೇ ಕುಸಿಯಿತು. ಮುಖ, ಕುತ್ತಿಗೆಗೆ ಬೇಕಾದದ್ದು ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ. ಅಂಟಂಟಾದ ಕ್ರೀಮನ್ನು ಅಷ್ಟು ಯಾರು ಹಚ್ಚಿಯಾರು? ಕೊರಿಯಾದ ಬ್ಯೂಟಿ ಆಫ್ ಜೋಸನ್ ಕಂಪನಿಯ ಅಕ್ಕಿಸಾರದ ‘ರಿಲೀಫ್ ಸನ್’ ಜನಪ್ರಿಯವಾಗಿರುವುದರ ಗುಟ್ಟು ಅಕ್ಕಿಗಿಂತ ಹೆಚ್ಚಾಗಿ ಇಲ್ಲಿದೆ: ಮಾಯಿಶ್ಚರೈಸರಿನಂತೆ ಧಾರಾಳವಾಗಿ ಹಚ್ಚಿಕೊಳ್ಳಬಹುದು. ದಿನಕ್ಕೊಮ್ಮೆ, ಒಂದೂಕಾಲು ಗ್ರಾಂನಂತೆ ಹಚ್ಚಿದರೂ 50 ಮಿಲಿಲೀಟರಿನ ಟ್ಯೂಬು ಸುಮಾರು 40 ದಿನಕ್ಕೆ ಮುಗಿಯಬೇಕು. ಆರು ತಿಂಗಳು ಬಂದರೆ ಹಚ್ಚಿದ್ದು ಸಾಲಲಿಲ್ಲ ಎಂದೇ ಲೆಕ್ಕ.

ಹಾಗೆಂದು ಹಗುರವಾಗಿದ್ದ ಮಾತ್ರಕ್ಕೆ ನಂಬುವಂತಿಲ್ಲ. 2020ರ ಕೊನೆಯಲ್ಲಿ ಕೊರಿಯಾದ್ದೇ ಆದ ಪ್ಯೂರಿಟೋ ಕಂಪನಿಯ 50+ ಎಂದು ಬರೆದಿದ್ದ ಹೆಸರಾಂತ ಕ್ರೀಮೊಂದು ಯುರೋಪಿನ ಪರೀಕ್ಷೆಯಲ್ಲಿ 19ರ ಸುತ್ತ ನಿಂತಿತು. ಕಂಪನಿ ಅದರ ಮಾರಾಟ ನಿಲ್ಲಿಸಿತು.

“ಕಪ್ಪು ಚರ್ಮಕ್ಕೆ ಇದೆಲ್ಲ ಯಾಕೆ?” ಎನ್ನುವವರೇ ಕೆನ್ನೆಯ ಮೇಲೆ ಬಂಗು ಎದ್ದಾಗ ಬೆಳ್ಳಗಾಗುವ ಕ್ರೀಮು ಹುಡುಕಿ ಹೊರಡುತ್ತಾರೆ. ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಡ ಎನ್ನುವುದು ತೀರಾ ತಪ್ಪು. ಮೆಲನಿನ್ ಸುಡುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ ನಿಜ, ಆದರೆ ಬಂಗಿನ ಕಾಟ ಕಂದು ಚರ್ಮಕ್ಕೇ ಹೆಚ್ಚು. ಕಿಟಕಿಯ ಗಾಜನ್ನೂ ದಾಟಿ ಬರುವ ಯುವಿಎ ಕಿರಣಕ್ಕೆ PA++++ ಗುರುತು ನೋಡಿ ಕೊಳ್ಳಿ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನೇ ಆಗಬೇಕು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದರ ಬಣ್ಣ ಒಪ್ಪಿಕೊಳ್ಳಬೇಡಿ. ದವಡೆಯ ಅಂಚಿಗೆ ಸ್ವಲ್ಪ ಸವರಿಕೊಂಡು, ಹೊರಗೆ ಬಂದು ಹಗಲು ಬೆಳಕಿನಲ್ಲಿ ನೋಡಿ ಆರಿಸಿ.