ಕಪ್ಪಾದಷ್ಟೂ ಪಳಗುವ ಪಾತ್ರೆ

ಹೊಸ ಸ್ಟೋನ್‌ವೇರ್ ಬೇಕಿಂಗ್ ಪ್ಯಾನ್ ಪೆಟ್ಟಿಗೆಯಿಂದ ಹೊರಬಂದಾಗ ತಿಳಿ ಮರಳಿನ ಬಣ್ಣದಲ್ಲಿರುತ್ತದೆ. ಬೆರಳಾಡಿಸಿದರೆ ಮೈ ತುಸು ತರಿತರಿ. ಒಂದೆರಡು ವರ್ಷ ಬ್ರೆಡ್ಡು, ಬಿಸ್ಕತ್ತು, ಪಿಜ್ಜಾ ಬೇಯಿಸಿದ ಮೇಲೆ ಅದೇ ಪ್ಯಾನ್ ಕಂದುಗಪ್ಪಾಗಿ, ಅಲ್ಲಲ್ಲಿ ಮಚ್ಚೆ ಬಿದ್ದು, ಅಂಚಿನಲ್ಲೆಲ್ಲ ಎಣ್ಣೆ ಹರಿದ ಗುರುತು ಉಳಿದು, ನೋಡಿದವರು ಮುಖ ಸಿಂಡರಿಸುವ ಹಾಗಾಗಿರುತ್ತದೆ. ಪಾತ್ರೆ ಎಂದರೆ ಫಳಫಳ ಹೊಳೆಯಬೇಕು ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಅಭ್ಯಾಸವಾದ ಕೈಗೆ ಅದನ್ನು ಹಾಗೇ ಬಿಡಲು ಮನಸ್ಸು ಬಾರದು. ಆದರೆ ಪ್ಯಾನ್ ಮಾಡುವವರು, ಅದನ್ನು ದಿನಾ ಬಳಸುವವರು ಇಬ್ಬರೂ ಹೇಳುವುದು ಒಂದೇ ಮಾತು: ಆ ಕಪ್ಪಿನ ತಂಟೆಗೆ ಹೋಗಬೇಡಿ. ಹಿಟ್ಟು ತಳಕ್ಕೆ ಅಂಟದಂತೆ ಕಾಯುತ್ತಿರುವುದೇ ಅದು.

ದೋಸೆ ಕಾವಲಿಯ ವಿಷಯದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೊಸ ಕಬ್ಬಿಣದ ಕಾವಲಿಯ ಮೊದಲ ದೋಸೆಗಳು ಎದ್ದು ಬರುವುದೇ ಇಲ್ಲ. ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿ, ಕಾಯಿಸಿ, ಮತ್ತೆ ಸವರಿ ಪಳಗಿಸಿದ ಮೇಲೆ ದೋಸೆ ತಾನಾಗಿ ಅಂಚು ಬಿಡುತ್ತದೆ. ಪಳಗಿದ ಕಾವಲಿಯನ್ನು ಯಾರಾದರೂ ಸೋಪು ಹಾಕಿ ಉಜ್ಜಿಟ್ಟರೆ ಮನೆಯ ಹಿರಿಯರು ರೇಗುವುದೂ ಅದಕ್ಕೇ. ಸ್ಟೋನ್‌ವೇರ್ ಪ್ಯಾನ್ ಪಳಗುವುದೂ ಹೆಚ್ಚುಕಡಿಮೆ ಹೀಗೆಯೇ. ಕೆಡುವ ರೀತಿ ಮಾತ್ರ ಬೇರೆ, ಏಕೆಂದರೆ ಅದು ಕಬ್ಬಿಣವಲ್ಲ, ಮಣ್ಣು.

ನಮ್ಮ ಊರುಗಳ ಕುಂಬಾರರು ಮಡಕೆ ಸುಡುವುದು ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಆ ಮಡಕೆಯ ಮೈಯಲ್ಲಿ ನೀರು ಒಸರುತ್ತದೆ, ಬೇಸಿಗೆಯಲ್ಲಿ ಹೂಜಿಯ ನೀರು ತಣ್ಣಗಾಗುವುದು ಹಾಗಾಗಿಯೇ. ಸ್ಟೋನ್‌ವೇರಿಗೆ ಬೇರೆ ಜಾತಿಯ ಜೇಡಿಮಣ್ಣು ಬೇಕು, ಗೂಡಿನ ಬಿಸಿ 1,200 ಡಿಗ್ರಿ ದಾಟಬೇಕು. ಅಷ್ಟು ಶಾಖದಲ್ಲಿ ಮಣ್ಣಿನೊಳಗಿನ ಕೆಲವು ಖನಿಜಗಳು ಕರಗಿ ಗಾಜಿನಂತಾಗಿ ಉಳಿದ ಕಣಗಳನ್ನು ಬೆಸೆಯುತ್ತವೆ. ಅಟ್ಟದ ಮೇಲಿನ ಕಂದು-ಬಿಳಿ ಉಪ್ಪಿನಕಾಯಿ ಜಾಡಿ ಇದೇ ಕುಲದ್ದು. ಉಪ್ಪು, ಹುಳಿ, ಎಣ್ಣೆ ಮೂರನ್ನೂ ವರ್ಷಗಟ್ಟಲೆ ತಾಳಿಕೊಂಡು ಕೂರುವ ತಾಕತ್ತು ಅದಕ್ಕೆ ಬಂದದ್ದು ಆ ಸುಡುವಿಕೆಯಿಂದ ಮತ್ತು ಮೇಲಿನ ಗಾಜಿನ ಲೇಪದಿಂದ. ಜರ್ಮನಿಯ ರೈನ್ ನದಿಯ ಆಸುಪಾಸಿನ ಕುಂಬಾರರು ಈ ಲೇಪಕ್ಕೆ ಒಂದು ಸರಳ ಉಪಾಯ ಕಂಡುಕೊಂಡಿದ್ದರು. ಉರಿಯುವ ಗೂಡಿಗೆ ಹಿಡಿ ಹಿಡಿ ಉಪ್ಪು ಎರಚುವುದು. ಉಪ್ಪಿನ ಸೋಡಿಯಂ ಮಣ್ಣಿನ ಸಿಲಿಕಾದೊಡನೆ ಸೇರಿ ಪಾತ್ರೆಯ ಮೇಲೆ ಗಾಜಿನ ಪೊರೆ ಕಟ್ಟುತ್ತಿತ್ತು. ಇಂಗ್ಲೆಂಡಿನಲ್ಲಿ ಜಾನ್ ಡ್ವೈಟ್ 1672ರಲ್ಲಿ ಸ್ಟೋನ್‌ವೇರ್ ತಯಾರಿಕೆಗೆ ಪೇಟೆಂಟ್ ಪಡೆದು ಲಂಡನ್ ಪಕ್ಕದ ಫುಲ್‌ಹ್ಯಾಮ್‌ನಲ್ಲಿ ಕಾರ್ಖಾನೆ ನಡೆಸಿದ.

ಇಲ್ಲಿ ಪಳಗಿಸುವ ಮಾತು ಬರುವುದು ಈ ಲೇಪವಿಲ್ಲದ ಪ್ಯಾನಿಗೆ. ಅಮೆರಿಕದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಪ್ಯಾಂಪರ್ಡ್ ಶೆಫ್ ಕಂಪನಿಯದು ದೊಡ್ಡ ಹೆಸರು. ಗೃಹವಿಜ್ಞಾನ ಕಲಿಸುತ್ತಿದ್ದ ಡೋರಿಸ್ ಕ್ರಿಸ್ಟೋಫರ್ 1980ರಲ್ಲಿ ತಮ್ಮ ವಿಮಾ ಪಾಲಿಸಿಯ ಮೇಲೆ 3,000 ಡಾಲರ್ ಸಾಲ ಎತ್ತಿ, ಇಲಿನಾಯ್ ರಾಜ್ಯದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಶುರುಮಾಡಿದ ವ್ಯಾಪಾರ ಅದು. ಯಾರದಾದರೂ ಮನೆಯಲ್ಲಿ ನಾಲ್ಕು ಜನ ಸೇರುವುದು, ಅಲ್ಲೇ ಅಡುಗೆ ಮಾಡಿ ತೋರಿಸುವುದು, ತಿಂದು ನೋಡಿ ಆರ್ಡರ್ ಬರೆಸುವುದು, ಇದು ಮಾರಾಟದ ಕ್ರಮ. 2002ರಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಅದನ್ನು ಕೊಂಡಿತು. ಓವನ್ ಅಡುಗೆಮನೆಯ ಜೊತೆಗೇ ಬರುವ ಆ ದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಪ್ಯಾನ್ ಹೊಸತೇನಲ್ಲ. ಈಚೆಗೆ ಬೆಂಗಳೂರು, ಮೈಸೂರಿನ ಮನೆಗಳಿಗೂ ಪಿಜ್ಜಾ ಕಲ್ಲಿನ ರೂಪದಲ್ಲಿ, ಬ್ರೆಡ್ ಪ್ಯಾನಿನ ರೂಪದಲ್ಲಿ ಬಂದಿದೆ. ಅದರ ಹಿಂದೆಯೇ ಗೊಂದಲವೂ ಬಂದಿದೆ.

ಗೊಂದಲದ ಮೂಲ ಒಂದೇ. ಅಂಗಡಿಯಲ್ಲಿ ಸ್ಟೋನ್‌ವೇರ್ ಎಂದು ಮಾರುವ ಪ್ಯಾನ್‌ಗಳಲ್ಲಿ ಲೇಪವಿದ್ದವೂ ಉಂಟು, ಇಲ್ಲದವೂ ಉಂಟು. 1850ರಿಂದ ಫ್ರಾನ್ಸಿನಲ್ಲಿ ಪಾತ್ರೆ ಮಾಡುತ್ತಿರುವ ಎಮಿಲ್ ಹೆನ್ರಿಯಂಥ ಕಂಪನಿಗಳ ಹೊಳೆಹೊಳೆಯುವ ಕೆಂಪು, ನೀಲಿ ತಟ್ಟೆಗಳಿಗೆ ಪಳಗಿಸುವ ಗೊಡವೆಯೇ ಬೇಡ. ಅವುಗಳ ಮೇಲೆ ಎಣ್ಣೆ ಇಳಿಯಲು ಜಾಗವೇ ಇಲ್ಲ. ಹಠ ಹಿಡಿದು ಎಣ್ಣೆ ಸವರಿ ಕಾಯಿಸಿದರೆ ಜಿಗುಟು ಕಟ್ಟುತ್ತದೆ, ಅಷ್ಟೆ. ಸೋಪು ಹಾಕಿ ತೊಳೆದಿಡಿ, ಮುಗಿಯಿತು. ನಿಮ್ಮ ಪ್ಯಾನ್ ಯಾವ ಬಗೆಯದು ಎಂದು ತಿಳಿಯದಿದ್ದರೆ ಅಡುಗೆ ಬೇಯುವ ಒಳಮೈಗೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಲೇಪವಿದೆ. ನಿಧಾನವಾಗಿ ಹರಡಿ, ಸುತ್ತ ಒದ್ದೆಯ ಕಪ್ಪು ಗುರುತು ಮೂಡಿದರೆ ಮುಂದಿನದನ್ನೆಲ್ಲ ಓದಬಹುದು.

ಎಣ್ಣೆ ಬಿಸಿಯಾದಾಗ ಆಗುವುದೇನು? ಸೂರ್ಯಕಾಂತಿ, ಸೋಯಾ, ಅಗಸೆಯಂಥ ಎಣ್ಣೆಗಳ ಅಣುಗಳಲ್ಲಿ ಜೋಡಿ ಬಂಧಗಳು ಹೆಚ್ಚು. ಶಾಖ ಮತ್ತು ಗಾಳಿಯ ಆಮ್ಲಜನಕ ಸೇರಿದಾಗ ಆ ಬಂಧಗಳು ಬಿಚ್ಚಿಕೊಂಡು ಅಣುವಿಗೆ ಅಣು ಹೆಣೆದುಕೊಳ್ಳುತ್ತದೆ. ದ್ರವವಾಗಿದ್ದದ್ದು ಗಟ್ಟಿ ಪೊರೆಯಾಗುತ್ತದೆ. ಚಿತ್ರಕಾರರ ಅಗಸೆ ಎಣ್ಣೆಯ ಬಣ್ಣ ಕ್ಯಾನ್ವಾಸಿನ ಮೇಲೆ ಒಣಗುವುದೂ ಇದೇ ಕ್ರಿಯೆಯಿಂದ, ಅಲ್ಲಿ ವಾರಗಟ್ಟಲೆ ನಡೆಯುವುದು ಓವನ್ನಿನಲ್ಲಿ ಗಂಟೆಯೊಳಗೆ ಮುಗಿಯುತ್ತದೆ. ಸ್ಟೋನ್‌ವೇರಿನ ತರಿ ಮೈಯಲ್ಲಿರುವ ಕಣ್ಣಿಗೆ ಕಾಣದ ಗುಂಡಿಗಳಿಗೆ ಎಣ್ಣೆ ಇಳಿದು, ಅಲ್ಲೇ ಗಟ್ಟಿಯಾಗಿ, ಮೇಲ್ಮೈ ಸಮವಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಶೇ. 90ರಷ್ಟು ಸಂತೃಪ್ತ ಕೊಬ್ಬೇ ಇರುವುದರಿಂದ ಈ ಹೆಣಿಗೆ ಸರಿಯಾಗಿ ಆಗುವುದಿಲ್ಲ. ಕರಾವಳಿಯವರಿಗೆ ಬೇಸರವಾದರೂ ಈ ಒಂದು ಕೆಲಸಕ್ಕೆ ಅದನ್ನು ಬದಿಗಿಡುವುದು ಒಳ್ಳೆಯದು.

ಪಳಗಿಸಲು ಎರಡು ದಾರಿ. ತಯಾರಕರು ಸಾಮಾನ್ಯವಾಗಿ ಸೂಚಿಸುವುದು ನಿಧಾನದ ದಾರಿಯನ್ನು: ಮೊದಲ ಕೆಲವು ಸಲ ಜಿಡ್ಡು ಜಾಸ್ತಿ ಇರುವ ತಿಂಡಿಯನ್ನೇ ಬೇಯಿಸುತ್ತ ಹೋಗಿ. ನಮ್ಮಲ್ಲಾದರೆ ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು, ನಾನ್‌ಖಟಾಯಿ ಇದಕ್ಕೆ ಹೇಳಿ ಮಾಡಿಸಿದವು. ಹಿಟ್ಟಿನ ಜಿಡ್ಡು ತಾನಾಗಿ ಇಳಿಯುತ್ತದೆ, ಪ್ಯಾನಿಗೂ ಆಯಾಸವಿಲ್ಲ, ಮನೆಯವರಿಗೂ ತಿಂಡಿ ಸಿಗುತ್ತದೆ. ಟೊಮೇಟೊ ಸಾಸಿನ ಪಿಜ್ಜಾ, ಮೀನು ಇವೆಲ್ಲ ಆಮೇಲೆ. ಹಸಿ ಪ್ಯಾನಿಗೆ ಬಣ್ಣವೂ ವಾಸನೆಯೂ ಬೇಗ ಹಿಡಿಯುತ್ತದೆ.

ಅವಸರದವರದು ಎರಡನೆಯ ದಾರಿ. ಪ್ಯಾನನ್ನು ಬಿಸಿನೀರಿನಲ್ಲಿ ತೊಳೆದು ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ಅಂಗೈ ಅಗಲದ ಹಳೆಯ ಹತ್ತಿಬಟ್ಟೆಗೆ ಒಂದು ಚಮಚ ಎಣ್ಣೆ ಹಾಕಿ ಒಳಮೈಗೆಲ್ಲ ತಿಕ್ಕಬೇಕು. ಮೂಲೆಗಳಿಗೆ ಬಟ್ಟೆಯ ತುದಿ ತುರುಕಿ ಉಜ್ಜಬೇಕು. ಆಮೇಲಿನ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುವುದು: ಇನ್ನೊಂದು ಒಣ ಬಟ್ಟೆ ತೆಗೆದುಕೊಂಡು, ಹಚ್ಚಿದ ಎಣ್ಣೆಯನ್ನೆಲ್ಲ ವಾಪಸು ಒರೆಸಿ ತೆಗೆಯುವಂತೆ ಒರೆಸಬೇಕು. ಬೆಳಕಿಗೆ ಹಿಡಿದರೆ ಹೊಳಪು ಕಾಣಬಾರದು. ಪ್ಯಾನನ್ನು ತಣ್ಣನೆಯ ಓವನ್ನಿನಲ್ಲಿಟ್ಟು, ಮೊದಲು 100 ಡಿಗ್ರಿ, ಇಪ್ಪತ್ತು ನಿಮಿಷದ ಮೇಲೆ 150, ಕೊನೆಗೆ 200 ಎಂದು ಮೆಟ್ಟಿಲೇರಿಸಿ, ಒಂದು ಗಂಟೆ ಬಿಟ್ಟು ಆರಿಸಿ, ಬಾಗಿಲು ತೆರೆಯದೆ ಒಳಗೇ ಆರಲು ಬಿಡಬೇಕು. ಕಿಟಕಿ ತೆರೆದಿರಲಿ, ತುಸು ಹೊಗೆ ಬರುವುದುಂಟು. ಎಣ್ಣೆ ಹೆಚ್ಚಾಗಿದ್ದರೆ ಮಾರನೆಯ ದಿನ ಗೊತ್ತಾಗುತ್ತದೆ. ಬೆರಳಿಟ್ಟರೆ ಅಂಟಂಟು, ಕಂದು ಬಣ್ಣದ ಹನಿಗಳು ನಿಂತ ಗುರುತು. ಬರಿ ಪ್ಯಾನ್ ಕಾಯಿಸಬಾರದು ಎಂದು ಜೊತೆಗೆ ಬಂದ ಚೀಟಿಯಲ್ಲಿ ಬರೆದಿದ್ದರೆ ಈ ದಾರಿ ಬೇಡವೇ ಬೇಡ. ಸ್ಪ್ರೇ ಡಬ್ಬಿಯ ಎಣ್ಣೆಯೂ ಬೇಡ. ಅದರಲ್ಲಿ ಸೇರಿಸುವ ಲೆಸಿಥಿನ್ ಕಾದಷ್ಟೂ ಮೇಣದಂತಾಗಿ ಉಳಿಯುತ್ತದೆ.

ತೊಳೆಯುವುದು ಇನ್ನೂ ಸುಲಭ. ಪ್ಯಾನ್ ಪೂರ್ತಿ ಆರಲಿ. ಅಂಟಿದ್ದನ್ನು ಮರದ ಸಟ್ಟುಗದಿಂದಲೋ ಪ್ಲಾಸ್ಟಿಕ್ ಚೂರಿನಿಂದಲೋ ಕೆರೆದು, ಬಿಸಿನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಇದಕ್ಕೆ ತೆಂಗಿನ ನಾರಿಗಿಂತ ಒಳ್ಳೆಯ ಬ್ರಷ್ ಯಾವ ದೇಶದಲ್ಲೂ ಸಿಗಲಾರದು. ಸಕ್ಕರೆ ಪಾಕವೋ ಚೀಸೋ ಸುಟ್ಟು ಕರಿಕಟ್ಟಿದ್ದರೆ ಅರ್ಧ ಕಪ್ ಅಡುಗೆ ಸೋಡಾಕ್ಕೆ ಮೂರು ಚಮಚ ನೀರು ಬೆರೆಸಿ, ಆ ಜಾಗಕ್ಕೆ ಮೆತ್ತಿ, ಕಾಲು ಗಂಟೆ ಬಿಟ್ಟು ಕೆರೆಯಬೇಕು. ಸೋಡಾದ ಕ್ಷಾರ ಜಿಡ್ಡನ್ನು ಸಡಿಲಿಸುತ್ತದೆ, ಅದರ ನುಣ್ಣನೆಯ ಹರಳು ಪ್ಯಾನಿನ ಮೈ ಗೀರದೆ ಕರಿಯನ್ನು ಮಾತ್ರ ಎಬ್ಬಿಸುತ್ತದೆ. ಸ್ಟೀಲ್ ನಾರು ಬೇಡ. ಲೋಹ ಸವೆದು ಬೂದು ಗೀರುಗಳು ಕೂರುತ್ತವೆ.

ಸೋಪು ಹಾಕಲೇಬಾರದೆ? ಇದರ ಬಗ್ಗೆ ಮಡಿಯಷ್ಟೇ ಕಟ್ಟುನಿಟ್ಟಿನ ಮಾತುಗಳನ್ನಾಡುವವರಿದ್ದಾರೆ. ಗಟ್ಟಿಯಾಗಿ ಹೆಣೆದುಕೊಂಡ ಎಣ್ಣೆಯ ಪೊರೆಯನ್ನು ಇಂದಿನ ಪಾತ್ರೆ ತೊಳೆಯುವ ದ್ರವ ಒಂದೇ ಸಲಕ್ಕೆ ಕಿತ್ತುಹಾಕುವುದಿಲ್ಲ. ಆ ಭಯ ಹಳೆಯ ಕಾಸ್ಟಿಕ್ ಸೋಪಿನ ಕಾಲದ್ದು. ನಿಜವಾದ ತೊಂದರೆ ಬೇರೆ: ಇನ್ನೂ ಪಳಗದ ಪ್ಯಾನಿನ ರಂಧ್ರಗಳಿಗೆ ಸೋಪಿನ ನೀರು ಇಳಿದು, ಮುಂದಿನ ಬ್ರೆಡ್ಡಿಗೆ ನಿಂಬೆ ಸೆಂಟಿನ ವಾಸನೆ ಬರುತ್ತದೆ. ಆದ್ದರಿಂದ ಹೊಸದಕ್ಕೆ ಬೇಡ, ಪಳಗಿದ್ದಕ್ಕೆ ಅಪರೂಪಕ್ಕೊಮ್ಮೆ ಎರಡು ಹನಿ ಆದೀತು. ನೆನೆಹಾಕಿ ಮಲಗುವುದು, ಡಿಶ್‌ವಾಷರಿಗೆ ತುರುಕುವುದು ಮಾತ್ರ ಎರಡಕ್ಕೂ ಸಲ್ಲದು.

ಕೊಳೆಗಿಂತ ದೊಡ್ಡ ಶತ್ರು ಬಿರುಕು. ಅಲ್ಯೂಮಿನಿಯಂಗೆ ಹೋಲಿಸಿದರೆ ಸ್ಟೋನ್‌ವೇರಿನಲ್ಲಿ ಶಾಖ ಹರಿಯುವ ವೇಗ ನೂರು ಪಟ್ಟು ಕಡಿಮೆ. ಬ್ರೆಡ್ಡಿನ ತಳ ಸೀಯದೆ ಒಂದೇ ಸಮನೆ ಕೆಂಪಗಾಗಲು ಇದೇ ಕಾರಣ. ಆದರೆ ಇದರ ಇನ್ನೊಂದು ಮುಖವೂ ಇದೆ. ಒಂದು ಕಡೆ ಕಾದು ಹಿಗ್ಗುವಾಗ ಇನ್ನೊಂದು ಕಡೆಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಹಿಗ್ಗಿದ ಭಾಗ ಹಿಗ್ಗದ ಭಾಗವನ್ನು ಎಳೆದು ಸೀಳುತ್ತದೆ. ಇದರ ಜೊತೆಗೆ ಕ್ರಿಸ್ಟೊಬಲೈಟ್ ಎಂಬ ಸಿಲಿಕಾದ ಹರಳಿನ ಕಾಟವೊಂದಿದೆ. ಹೆಚ್ಚು ಶಾಖದಲ್ಲಿ ಸುಟ್ಟ ಮಣ್ಣಿನಲ್ಲಿ ಅದು ಹುಟ್ಟಿಕೊಳ್ಳಬಹುದು. ಸುಮಾರು 226 ಡಿಗ್ರಿಯಲ್ಲಿ ಅದರ ಗಾತ್ರ ಥಟ್ಟನೆ ಶೇ. 3ರಷ್ಟು ಬದಲಾಗುತ್ತದೆ. ಪಿಜ್ಜಾ ಬೇಯುವ ಶಾಖವೂ ಅದರ ಆಸುಪಾಸಿನದೇ! ಓವನ್ ಪಾತ್ರೆಗೆ ಮಣ್ಣು ಹದ ಮಾಡುವವರು ಈ ಹರಳು ಹುಟ್ಟದ ಹಾಗೆ ನೋಡಿಕೊಳ್ಳಬೇಕಾಗುತ್ತದೆ. ಅಲಂಕಾರಕ್ಕೆಂದು ಮಾಡಿದ ಸ್ಟೋನ್‌ವೇರ್ ತಟ್ಟೆಯನ್ನು ಓವನ್ನಿಗಿಟ್ಟರೆ ಒಡೆಯುವುದರ ಹಿಂದೆ ಇದೂ ಇರಬಹುದು.

ಹಾಗಾಗಿ ಫ್ರೀಜರಿನಿಂದ ತೆಗೆದದ್ದನ್ನು ನೇರ ಓವನ್ನಿಗೆ ಇಡಬಾರದು, ಬಿಸಿ ಪ್ಯಾನನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಳಿಸಬಾರದು, ಗ್ಯಾಸ್ ಒಲೆಯ ಮೇಲಂತೂ ಇಡಲೇಬಾರದು. ನಮ್ಮ ಮನೆಗಳ ಪುಟ್ಟ ಓಟಿಜಿ ಓವನ್ನಿನಲ್ಲಿ ಇನ್ನೊಂದು ಅಪಾಯ: ಕಾಯುವ ಕಂಬಿ ಪ್ಯಾನಿಗೆ ನಾಲ್ಕು ಬೆರಳ ದೂರದಲ್ಲೇ ಕೆಂಪಗೆ ಉರಿಯುತ್ತಿರುತ್ತದೆ. ನಡುವಿನ ಹಂತದಲ್ಲಿಡಿ, ಗ್ರಿಲ್ ಗುಂಡಿ ಒತ್ತಬೇಡಿ. ದೊಡ್ಡ ಪ್ಯಾನಿನ ಮೂಲೆಯಲ್ಲಿ ನಾಲ್ಕೇ ಬಿಸ್ಕತ್ತು ಇಡುವುದೂ ತಪ್ಪು, ಹಿಟ್ಟಿಲ್ಲದ ಕಡೆ ಬೇಗ ಕಾದು ಹಿಟ್ಟಿರುವ ಕಡೆ ತಣ್ಣಗೇ ಉಳಿಯುತ್ತದೆ. ಪಿಜ್ಜಾ ಕಲ್ಲು ಇದಕ್ಕೆ ಹೊರತು. ಹಲವನ್ನು ಕಾರ್ಡಿಯರೈಟ್ ಎಂಬ, ಕಾದರೂ ಹೆಚ್ಚು ಹಿಗ್ಗದ ಖನಿಜದಿಂದ ಮಾಡುವುದರಿಂದ ಬರಿದಾಗಿಯೇ ಕಾಯಿಸಬಹುದು, ಕಾಯಿಸಲೇಬೇಕು. ಆದರೆ ತೊಳೆದ ಕೂಡಲೆ ಅಲ್ಲ. ಒಳಗೆ ಉಳಿದ ನೀರು ಆವಿಯಾಗುವಾಗ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ.

ನೀರಿನ ವಿಷಯದಲ್ಲಿ ಜರ್ಮನಿಯ ರೋಮರ್‌ಟಾಫ್ ಪೂರ್ತಿ ತದ್ವಿರುದ್ಧ. 1967ರಲ್ಲಿ ಮಾರುಕಟ್ಟೆಗೆ ಬಂದ ಈ ಮುಚ್ಚಳದ ಮಣ್ಣಿನ ಪಾತ್ರೆಯನ್ನು ಪ್ರತಿಸಲವೂ ನೀರಿನಲ್ಲಿ ನೆನೆಸಿಯೇ ತಣ್ಣನೆಯ ಓವನ್ನಿಗೆ ಇಡಬೇಕು. ಅದು ಕಡಿಮೆ ಶಾಖದಲ್ಲಿ ಸುಟ್ಟ, ರಂಧ್ರ ಜಾಸ್ತಿಯಿರುವ ಮಣ್ಣು. ನೀರು ಮೆಲ್ಲಗೆ ಆವಿಯಾಗಿ ಅಡುಗೆಯನ್ನು ಬೇಯಿಸುತ್ತದೆ. ಅದಕ್ಕೆ ಎಣ್ಣೆ ಹಾಕಿ ಪಳಗಿಸಿದರೆ ರಂಧ್ರ ಮುಚ್ಚಿ ಪಾತ್ರೆಯ ಗುಣವೇ ಹೋದೀತು.

ಬಳಪದ ಕಲ್ಲಿನ ಪಾತ್ರೆ ಕಡೆದು ಮಾಡಿದ್ದು, ಸುಟ್ಟದ್ದಲ್ಲ. ಆದರೂ ಅದನ್ನು ಪಳಗಿಸುವ ನಮ್ಮವರ ಕ್ರಮದ ಗುರಿಯೂ ಸ್ಟೋನ್‌ವೇರಿನಲ್ಲಿದ್ದಂತೆ ಮೈಯ ಸಂದುಗಳನ್ನು ತುಂಬುವುದೇ. ಬಿಸಿ ಗಂಜಿ ತಿಳಿಯನ್ನು ದಿನಾ ತುಂಬಿಟ್ಟು, ಚೆಲ್ಲಿ, ಮತ್ತೆ ತುಂಬಿ, ಆಮೇಲೆ ಹರಳೆಣ್ಣೆ-ಅರಿಸಿನ ಸವರಿ, ಸಣ್ಣ ಉರಿಯಿಂದ ಶುರುಮಾಡುತ್ತಾರೆ. ಅಲ್ಲಿ ಸಂದುಗಳನ್ನು ತುಂಬುವುದರಲ್ಲಿ ಗಂಜಿಯ ಪಿಷ್ಟಕ್ಕೂ ಪಾಲಿದೆ.

ಪ್ಯಾನಿನ ಮೇಲೆ ಜಿಗುಟು ಕಟ್ಟಿ ಕಮಟು ವಾಸನೆ ಬರತೊಡಗಿದರೆ ಸೋಡಾ ಮೆತ್ತಿ ಕೆರೆದು, ಒಣಗಿಸಿ, ಮತ್ತೆ ಬಿಸ್ಕತ್ತಿನಿಂದ ಆರಂಭಿಸಬಹುದು. ತಾನೇ ಸುಟ್ಟು ಸ್ವಚ್ಛವಾಗುವ ವಿದೇಶಿ ಓವನ್‌ಗಳಲ್ಲಿಟ್ಟು ಪ್ಯಾನನ್ನು ಮತ್ತೆ ಬೆಳ್ಳಗೆ ಮಾಡುವವರೂ ಇದ್ದಾರೆ. ಆಗ ಶಾಖ 450 ಡಿಗ್ರಿಯ ಸುತ್ತಮುತ್ತ ಹೋಗುವುದರಿಂದ ಜಿಡ್ಡಿಗೆ ಬೆಂಕಿ ಹತ್ತುವುದೂ, ಪ್ಯಾನ್ ಸೀಳುವುದೂ ಎರಡೂ ಸಾಧ್ಯ. ಬಿರುಕಿನ ಅನುಮಾನ ಬಂದರೆ ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿಯಾದದ್ದು ಠಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಬೊದ್ದು ಸದ್ದು ಕೊಡುತ್ತದೆ. ಸೀಳಿದ ಬ್ರೆಡ್ ಪ್ಯಾನನ್ನು ಅಂಟಿಸಿ ಮತ್ತೆ ಓವನ್ನಿಗೆ ಇಡುವಂತಿಲ್ಲ. ಪಿಜ್ಜಾ ಕಲ್ಲು ಎರಡು ಹೋಳಾದರೆ ಮಾತ್ರ ಹೋಳುಗಳನ್ನು ಒತ್ತಾಗಿ ಜೋಡಿಸಿಟ್ಟು ಅದರ ಮೇಲೆಯೇ ಬೇಯಿಸುತ್ತ ಹೋಗಬಹುದು.